ನೂರಿಪ್ಪತ್ತಕ್ಕೆ ನೂರಿಪ್ಪತ್ತು

ಇಪ್ಪತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಕಲ್ಲು ಮೇಷ್ಟ್ರು ಐದಕ್ಕೆ ಐದು ಅಂಕ ಕೊಟ್ಟದ್ದು ಒಬ್ಬರಿಗೇ ಒಬ್ಬರಿಗೆ. ಆ ಪುಣ್ಯಾತ್ಮ ಸ್ವತಃ ಕಲ್ಲು ಮೇಷ್ಟ್ರೇ. ಅದರಿಂದ ಅವರಿಗೆ ಏನೇನು ಒದಗಿತು ಎಂಬುದನ್ನು ಕೇಳಿದರೆ, ಅಂಕ ಕೊಡುವ ವಿಷಯದಲ್ಲಿ ಜಿಪುಣತನವೇ ವಾಸಿ ಎಂದು ಯಾರಿಗಾದರೂ ಅನ್ನಿಸೀತು.

ಅವರು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಕಲಿಸುತ್ತಿದ್ದರು. ವಿದ್ಯಾರ್ಥಿಗಳಿಗೆ, ಜೊತೆಯ ಅಧ್ಯಾಪಕರಿಗೆ, ಗೇಟಿನ ಕಾವಲುಗಾರನಿಗೆ, ಸಿಟ್ಟು ಬಂದ ದಿನ ಹೆಂಡತಿಗೂ ಅವರು ಕಲ್ಲು ಮೇಷ್ಟ್ರೇ. ಅಂಕಕ್ಕಾಗಿ ಯಾರಾದರೂ ಗೋಗರೆಯಲು ಬಂದರೆ ಅವರ ಉತ್ತರ ಸಿದ್ಧವಾಗಿರುತ್ತಿತ್ತು: "ಐದಕ್ಕೆ ಐದು ಬೇಕು ಅಂದ್ರೆ ಕಲ್ಲೇ ಎದ್ದು ಬಂದು ಉತ್ತರ ಬರೀಬೇಕಪ್ಪ. ಪುಸ್ತಕ ಬರೆದೋರಿಗೆ ನಾಲ್ಕೂವರೆ. ನಂಗೆ ನಾಲ್ಕು. ನಿಂಗೆ ಮೂರೂವರೆ ಬಂದಿದೆ ಅಂದ್ರೆ ಮನೇಲಿ ಧೈರ್ಯವಾಗಿ ಹೇಳ್ಕೋಬಹುದು, ಹೋಗು." ಮತ್ತೂ ಜಗ್ಗದೆ ನಿಂತರೆ, "ಕೊಟ್ಟ ಅಂಕ ಅಂದ್ರೆ ಕಲ್ಲಿನ ಮೇಲೆ ಗೀರಿದ ಗೆರೆ. ಉಜ್ಜಿದ್ರೆ ಹೋಗಲ್ಲ" ಎಂದು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಕನ್ನಡಕ ತೆಗೆದರೆಂದರೆ ಮಾತು ಮುಗಿಯಿತು ಎಂದೇ ಲೆಕ್ಕ.

ನೆಲಮಹಡಿಯ ಕೊನೆಗೆ, ಸೈಕಲ್ ನಿಲ್ಲಿಸುವ ಜಾಗಕ್ಕೆ ಅಂಟಿಕೊಂಡ ಹಾಗೆ ಅವರ ಕಲ್ಲಿನ ಕೋಣೆ ಇತ್ತು. ಎಂಬತ್ತೆಂಟು ಡ್ರಾಯರುಗಳು, ಸಾವಿರದ ಇನ್ನೂರು ಚಿಲ್ಲರೆ ಕಲ್ಲುಗಳು. ಸೋಪಿನ ಹಾಗೆ ಜಾರುವ ಬಳಪದ ಕಲ್ಲು, ಪದರ ಪದರವಾಗಿ ಏಳುವ ಅಭ್ರಕ, ಗಾತ್ರ ನೋಡಿ ಮೋಸಹೋಗಿ ಎತ್ತಿದವರ ಮಣಿಕಟ್ಟು ಉಳುಕಿಸುವ ಸೀಸದ ಅದಿರು, ನೀರಿಗೆ ಹಾಕಿದರೆ ತೇಲುವ ಜ್ವಾಲಾಮುಖಿಯ ಕಲ್ಲು. ಪಾಠದ ಮೊದಲ ದಿನ ಮೇಷ್ಟ್ರು ಬೋರ್ಡಿನ ಮೇಲೆ ಒಂದಕ್ಷರ ಬರೆಯುತ್ತಿರಲಿಲ್ಲ. ಎಲ್ಲರೂ ಕಣ್ಣು ಮುಚ್ಚಬೇಕು, ಕೈ ಚಾಚಬೇಕು. ಅಟೆಂಡರು ಒಬ್ಬೊಬ್ಬರ ಅಂಗೈಗೆ ಒಂದೊಂದು ಕಲ್ಲು ಇಟ್ಟುಕೊಂಡು ಹೋಗುತ್ತಿದ್ದ. ತಣ್ಣಗಿದೆಯೋ ಬೆಚ್ಚಗಿದೆಯೋ, ಭಾರವೋ ಹಗುರವೋ, ಉಗುರು ಇಳಿಯುತ್ತದೋ ಇಲ್ಲವೋ, ಕಣ್ಣು ಬಿಡದೆ ಹೇಳಬೇಕು. "ಮೊದಲು ಕೈ, ಆಮೇಲೆ ಕಣ್ಣು, ಕೊನೆಗೆ ಪುಸ್ತಕ" ಎನ್ನುವುದು ಅವರ ವೇದವಾಕ್ಯ. ವರ್ಷದ ಕೊನೆಯ ಪರೀಕ್ಷೆಯೂ ಹಾಗೇ: ಹಸಿರು ಬಟ್ಟೆಯ ಚೀಲದೊಳಗೆ ಏಳು ಕಲ್ಲು, ಕೈ ತೂರಿಸಿ, ನೋಡದೆ, ಏಳನ್ನೂ ಗುರುತಿಸಬೇಕು. ಅದರಲ್ಲಿ ಏಳಕ್ಕೆ ಏಳು ಹೇಳಿದವರೂ ಇದ್ದರು. ಅವರಿಗೂ ನಾಲ್ಕೇ.

ಇಂಥವರ ಬಾಳಿಗೆ ಒಂದು ಸೋಮವಾರ ಸುತ್ತೋಲೆ ಬಂತು. ಮುಂದಿನ ವರ್ಷದಿಂದ ಪಾಠಗಳೆಲ್ಲ ಹೊಸ ಆನ್‌ಲೈನ್ ಕಲಿಕಾ ವೇದಿಕೆಯ ಮೇಲೆ. ಅದಕ್ಕೆ ಅಧ್ಯಾಪಕರು ಎಷ್ಟರಮಟ್ಟಿಗೆ ಸನ್ನದ್ಧರಾಗಿದ್ದಾರೆ ಎಂಬುದನ್ನು ತಿಳಿಯಲು ಇಪ್ಪತ್ತನಾಲ್ಕು ಪ್ರಶ್ನೆಗಳ ಫಾರಂ. ಪ್ರತಿ ಪ್ರಶ್ನೆಗೂ ತಮಗೆ ತಾವೇ ಒಂದರಿಂದ ಐದರವರೆಗೆ ಅಂಕ ಹಾಕಿಕೊಳ್ಳಬೇಕು. ಶುಕ್ರವಾರದೊಳಗೆ ಕಂಪ್ಯೂಟರಿನಲ್ಲೇ ತುಂಬಬೇಕು.

ಬೇರೆ ಯಾವ ಕಸುಬಿನವರಾದರೂ, "ನಮಗೆ ಅಷ್ಟಾಗಿ ಬರಲ್ಲ, ಕಲಿಸಿಕೊಡಿ" ಎಂದು ಬರೆದು ನೆಮ್ಮದಿಯಾಗಿ ಇರುತ್ತಿದ್ದರು. ಆದರೆ ಅಧ್ಯಾಪಕರ ಮುಂದೆ ಅಂಕದ ಹಾಳೆ ಇಟ್ಟ ಮೇಲೆ ಮುಗಿಯಿತು. ಮೂವತ್ತು ವರ್ಷ ಊರಿಗೆಲ್ಲ ಅಂಕ ಹಂಚಿದ ಕೈ ತನ್ನ ಹೆಸರಿನ ಮುಂದೆ ಎರಡು ಅಂತ ಬರೆದೀತೇ? ಸ್ಟಾಫ್ ರೂಮಿನಲ್ಲಿ ಒಬ್ಬರ ಬಾಯಿಂದಲೂ "ಗೊತ್ತಿಲ್ಲ" ಎಂಬ ಪದ ಹೊರಬೀಳಲಿಲ್ಲ. ಎಲ್ಲರೂ ಸುಮ್ಮನೆ ಎದ್ದು, ಒಬ್ಬೊಬ್ಬರಾಗಿ, ಬೇರೆಯವರಿಗೆ ಕಾಣದ ಹಾಗೆ ಟೈಪಿಸ್ಟ್ ಅಮ್ಮನ ಕೋಣೆಗೆ ಹೋದರು.

ಟೈಪಿಸ್ಟ್ ಅಮ್ಮ ಕಚೇರಿಯ ಕಂಪ್ಯೂಟರಿನ ಮುಂದೆ ಹದಿನೆಂಟು ವರ್ಷದಿಂದ ಕೂತಿದ್ದ ಹೆಂಗಸು. ಅಧ್ಯಾಪಕರ ಪಾಸ್‌ವರ್ಡುಗಳೆಲ್ಲ ಅವರ ನಾಲಗೆಯ ತುದಿಯಲ್ಲಿದ್ದವು. ಕಲ್ಲು ಮೇಷ್ಟ್ರ ಸರದಿ ಬಂದದ್ದು ಗುರುವಾರ ಟೀ ಹೊತ್ತಿಗೆ. ಅವರು ಕಪ್ಪು ಹಿಡಿದುಕೊಂಡೇ ಬಂದು ಎದುರಿನ ಸ್ಟೂಲಿನ ಮೇಲೆ ಕೂತರು.

"ಮೊದಲನೇ ಪ್ರಶ್ನೆ ಸಾರ್. 'ನಾನು ಇನ್ನೊಬ್ಬರ ಸಹಾಯವಿಲ್ಲದೆ ಕಂಪ್ಯೂಟರ್ ಬಳಸಬಲ್ಲೆ.' ಎಷ್ಟು ಹಾಕ್ಲಿ?"

ಮೇಷ್ಟ್ರು ಟೀ ಒಂದು ಗುಟುಕು ಕುಡಿದರು. ಮೂರು ಅನ್ನುವುದು ಬಾಯ ತನಕ ಬಂದಿತ್ತು. "ಅಂಕಿ ಮೇಷ್ಟ್ರು ಎಷ್ಟು ಹಾಕಿಸಿದ್ರು?"

ಅಂಕಿ ಮೇಷ್ಟ್ರು ಎಂದರೆ ಸಂಖ್ಯಾಶಾಸ್ತ್ರದವರು. ಇವರ ಜೊತೆಯಲ್ಲೇ ಕೆಲಸಕ್ಕೆ ಸೇರಿದವರು, ಇಪ್ಪತ್ತೊಂಬತ್ತು ವರ್ಷದಿಂದ ಇವರಿಗಿಂತ ಒಂದು ಮೆಟ್ಟಿಲು ಮೇಲೆ ಇರಲು ಹೆಣಗುತ್ತಿದ್ದವರು.

"ನಾಲ್ಕು ಸಾರ್."

"ನಾಲ್ಕಾ! ಈಮೇಲ್ ಕಳಿಸಿದ್ಮೇಲೆ ಫೋನ್ ಮಾಡಿ 'ಬಂತಾ' ಅಂತ ಕೇಳೋ ಮನುಷ್ಯ! ಐದು ಹಾಕಮ್ಮ."

ಟೈಪಿಸ್ಟ್ ಅಮ್ಮ ಅವರ ಮುಖ ನೋಡಿದರು, ತಾನು ಯಾರ ಪರವಾಗಿ ಯಾವ ಗುಂಡಿ ಒತ್ತುತ್ತಿದ್ದೇನೆ ಎಂದು ಯೋಚಿಸಿದರು, ಒತ್ತಿದರು. "ಎರಡನೇದು. 'ಹೊಸ ತಂತ್ರಾಂಶಗಳನ್ನು ನಾನೇ ಕಲಿತುಕೊಳ್ಳಬಲ್ಲೆ.'"

"ಐದು."

ಆರನೇ ಪ್ರಶ್ನೆಯ ಹೊತ್ತಿಗೆ ಟೀ ಮುಗಿಯಿತು. ಗಂಟೆ ಹೊಡೆಯಿತು. "ಅಷ್ಟಕ್ಕೂ ಐದೇ ಹಾಕ್ಬಿಡಮ್ಮ, ಕ್ಲಾಸಿದೆ ನಂಗೆ."

"ಪೂರ್ತಿ ಕೇಳಿಸ್ಕೊಳ್ಳಲ್ವಾ ಸಾರ್? ಹದಿನೇಳನೇದು ಸ್ವಲ್ಪ..."

"ಫಾರಂ ಅಂದ್ರೆ ಫಾರಂ. ಯಾರಮ್ಮ ಓದ್ತಾರೆ ಇದನ್ನೆಲ್ಲ!" ಎಂದು ಮೇಷ್ಟ್ರು ಎದ್ದೇಬಿಟ್ಟರು. ವಿದ್ಯಾರ್ಥಿಗಳು ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆಯುತ್ತಾರೆ ಎಂದು ಅವರು ವರ್ಷವರ್ಷವೂ ಗೋಳಾಡುತ್ತಿದ್ದದ್ದು ಆ ಕ್ಷಣಕ್ಕೆ ನೆನಪಾಗಲಿಲ್ಲ.

ಓದುವವರು ಇದ್ದರು. ಎರಡು ವಾರದ ಮೇಲೆ ಡೀನ್ ಸಭೆ ಕರೆದರು. ಡೀನ್ ಅಂದರೆ ಬೇರೆ ಯಾರೂ ಅಲ್ಲ, ಇಪ್ಪತ್ತೆರಡು ವರ್ಷದ ಹಿಂದೆ ಕಲ್ಲು ಮೇಷ್ಟ್ರ ಹಸಿರು ಚೀಲದಲ್ಲಿ ಕೈ ತೂರಿಸಿ, ಏಳರಲ್ಲಿ ಆರು ಸರಿ ಹೇಳಿ, ಮೂರೂವರೆ ಪಡೆದು, ಅರ್ಧ ಅಂಕಕ್ಕಾಗಿ ಎರಡು ದಿನ ಅವರ ಕೋಣೆಯ ಮುಂದೆ ನಿಂತಿದ್ದ ಹುಡುಗಿ. ಈಗ ದಪ್ಪ ಚೌಕಟ್ಟಿನ ಕನ್ನಡಕ, ಗಟ್ಟಿ ದನಿ, ಕೈಯಲ್ಲಿ ಗೋಡೆಯ ಮೇಲೆ ಕೆಂಪು ಚುಕ್ಕೆ ಬೀಳಿಸುವ ಪೆನ್ನು.

"ನಮ್ಮ ವಿಜ್ಞಾನ ವಿಭಾಗಗಳು ತೊಂಬತ್ತನಾಲ್ಕು ಪರ್ಸೆಂಟ್ ಸನ್ನದ್ಧ!" ಎಂದರು ಡೀನ್. ಕೆಂಪು ಚುಕ್ಕೆ ಒಂದು ಎತ್ತರದ ಕಂಬದ ಮೇಲೆ ಕುಣಿಯಿತು. ಅಧ್ಯಾಪಕರೆಲ್ಲ ತಮ್ಮ ತಮ್ಮ ಎದೆಯನ್ನು ಒಂದಿಂಚು ಮುಂದಕ್ಕೆ ತಂದರು. "ಹೀಗಾಗಿ ನಮಗೆ ತರಬೇತಿಯ ಅಗತ್ಯ ಇಲ್ಲ ಅಂತ ನಾನು ಬರೆದು ಕಳಿಸಿದೀನಿ. ತರಬೇತುದಾರರು, ಹೊಸ ಕಂಪ್ಯೂಟರುಗಳು, ಎಲ್ಲ ಭಾಷಾ ವಿಭಾಗಕ್ಕೆ ಹೋಗ್ತಿವೆ. ಪಾಪ, ಅವರು ಎಲ್ಲದಕ್ಕೂ ಒಂದು, ಎರಡು ಹಾಕಿಕೊಂಡಿದಾರೆ."

ಎದೆಗಳು ಹೋದ ವೇಗದಲ್ಲೇ ಹಿಂದಕ್ಕೆ ಬಂದವು.

"ಇಡೀ ವಿಶ್ವವಿದ್ಯಾಲಯದಲ್ಲಿ ನೂರಿಪ್ಪತ್ತಕ್ಕೆ ನೂರಿಪ್ಪತ್ತು ಒಬ್ಬರಿಗೇ ಬಂದಿದೆ." ಡೀನ್ ನಕ್ಕರು. ಆ ನಗೆಯಲ್ಲಿ ಕುಹಕ ಇರಲಿಲ್ಲ, ಅದೇ ದುರಂತ. ಅದು ಶುದ್ಧ ಗುರುಭಕ್ತಿ. "ನಮ್ಮ ಮೇಷ್ಟ್ರು! ಅರ್ಧ ಅಂಕಕ್ಕೆ ನನ್ನನ್ನ ಅಳಿಸಿದೋರು. ಬೇರೆ ಯಾರು ಐದು ಹಾಕಿಕೊಂಡಿದ್ರೂ ನಾನು ಒಂದು ಕಳೆದು ಓದ್ತಿದ್ದೆ. ಇವರು ಐದು ಅಂದ್ರೆ ಅದು ಐದೇ. ವೇದಿಕೆಯ ಸಂಯೋಜಕರಾಗಿ ಇವರನ್ನೇ ನೇಮಿಸಿದೀನಿ. ಯಾರಿಗೆ ಏನೇ ತೊಡಕಾದ್ರೂ ಇವರನ್ನ ಕೇಳಿ."

ಚಪ್ಪಾಳೆ ಬಿತ್ತು. ಅಂಕಿ ಮೇಷ್ಟ್ರದ್ದು ಎಲ್ಲರಿಗಿಂತ ಜೋರು.

"ಮತ್ತೆ ಹದಿನೇಳನೇ ಪ್ರಶ್ನೆ," ಡೀನ್ ಕಾಗದ ನೋಡಿ ಓದಿದರು, "'ನನ್ನ ವಿಷಯವನ್ನು ಯಾವ ಉಪಕರಣ, ಮಾದರಿ, ಪ್ರತ್ಯೇಕ ಕೋಣೆಯ ಅಗತ್ಯವಿಲ್ಲದೆ ಪೂರ್ತಿಯಾಗಿ ಆನ್‌ಲೈನಿನಲ್ಲಿ ಕಲಿಸಬಹುದು.' ಇದಕ್ಕೆ ಐದು ಹಾಕೋ ಧೈರ್ಯ ಮಾಡಿದ್ದೂ ಇವರೊಬ್ಬರೇ. ಪಾಠ ಚಿತ್ರೀಕರಿಸೋಕೆ ಸ್ಟುಡಿಯೋಗೆ ಜಾಗ ಹುಡುಕ್ತಾ ಇದ್ವಿ. ಕಲ್ಲಿನ ಕೋಣೆ ಈ ತಿಂಗಳ ಕೊನೆಗೆ ಖಾಲಿಯಾಗುತ್ತೆ. ಮೇಷ್ಟ್ರೇ, ನಿಮ್ಮ ದೊಡ್ಡ ಮನಸ್ಸಿಗೆ ಧನ್ಯವಾದ."

ಮೂವತ್ತೆರಡು ಜೋಡಿ ಕಣ್ಣು ನೋಡುತ್ತಿರುವಾಗ ಯಾವ ಮೇಷ್ಟ್ರು ತಾನೇ ಎದ್ದು, "ಅಮ್ಮಾ ತಾಯಿ, ನಾನು ಪ್ರಶ್ನೆ ಓದಿರಲಿಲ್ಲ" ಎಂದಾನು? ಕಲ್ಲು ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮಾತು ಮುಗಿಯಿತು ಎಂದು ಡೀನ್ ಅರ್ಥ ಮಾಡಿಕೊಂಡರು.

ಮನೆಯಲ್ಲಿ ಹೆಂಡತಿ ಒಣಗಿದ ಬಟ್ಟೆ ಮಡಚುತ್ತ ಇಷ್ಟನ್ನೂ ಕೇಳಿದರು. ಆಕೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವರು. ದೊಡ್ಡ ದೊಡ್ಡ ಡಾಕ್ಟರುಗಳು "ಗೊತ್ತಾಗ್ತಿಲ್ಲ" ಎನ್ನಲಾರದೆ ಒದ್ದಾಡುವುದನ್ನು ಕಂಡವರು.

"ರೀ, ನಾಳೆ ಬೆಳಗ್ಗೆ ಹೋಗಿ 'ನಂಗೆ ಬರಲ್ಲ' ಅಂದ್ಬಿಡಿ. ಎರಡೇ ಮಾತು."

"ಎರಡೇ ಮಾತಾ? ಆ ಎರಡು ಮಾತನ್ನ ಆ ಕಟ್ಟಡದಲ್ಲಿ ಇವತ್ತಿನ ತನಕ ಯಾರೂ ಆಡಿಲ್ಲ ಕಣೆ."

"ಮನೇಲಿ ಟಿವಿ ರಿಮೋಟಿನ ಬ್ಯಾಟರಿ ಯಾವ ಕಡೆ ಹಾಕೋದು ಅಂತ ನನ್ನ ಕೇಳ್ತೀರಿ. ಅಲ್ಲಿ ಐದಕ್ಕೆ ಐದು! ನಂಗೆ ಮದುವೆಯಾಗಿ ಇಷ್ಟು ವರ್ಷದಲ್ಲಿ ಅಡುಗೆಗೆ ಎಷ್ಟು ಕೊಟ್ಟಿದೀರಿ ಹೇಳಿ?"

"ನಾಲ್ಕು," ಎಂದರು ಮೇಷ್ಟ್ರು ಪ್ರಾಮಾಣಿಕವಾಗಿ.

"ಮಾಡಿದ್ದುಣ್ಣೋ ಮಹಾರಾಯ," ಎಂದು ಆಕೆ ಟವೆಲ್ಲನ್ನು ಎರಡು ಸಲ ಕೊಡವಿ ಮಡಚಿದರು.

ಮರುದಿನ ಮೇಷ್ಟ್ರು ಹೋದದ್ದಂತೂ ನಿಜ. ಡೀನ್ ಕೋಣೆಯಲ್ಲಿ ಬೇರೆ ವಿಶ್ವವಿದ್ಯಾಲಯದಿಂದ ಬಂದ ಇಬ್ಬರು ಕೂತಿದ್ದರು. "ಬನ್ನಿ ಬನ್ನಿ! ಇವರೇ ನಾನು ಹೇಳ್ತಿದ್ದ ನೂರಿಪ್ಪತ್ತಕ್ಕೆ ನೂರಿಪ್ಪತ್ತು!" ಇಬ್ಬರೂ ಎದ್ದು ನಿಂತು ಕೈ ಕುಲುಕಿದರು. ಒಬ್ಬರು ಫೋಟೋನೂ ತೆಗೆಸಿಕೊಂಡರು. ಮೇಷ್ಟ್ರು ಹೇಳಬೇಕೆಂದು ಕಟ್ಟಿಕೊಂಡು ಹೋದ ಮಾತನ್ನು ಗಂಟು ಬಿಚ್ಚದೆ ಹಾಗೇ ವಾಪಸು ತಂದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಮೀಸೆಗೆ ಹಾರವೇ ಬಿದ್ದಿತ್ತು.

ಮೂರನೇ ದಿನ ಡೀನ್ ಒಬ್ಬರೇ ಇದ್ದಾಗ ಮೇಷ್ಟ್ರು ಬಾಗಿಲು ಹಾಕಿ, ನಿಂತುಕೊಂಡೇ ಹೇಳಿದರು. "ನೋಡಮ್ಮ, ನಂಗೆ ಇದೇನೂ ಬರಲ್ಲ. ಕಲ್ಲು ಮುಟ್ಟದೆ ಕಲಿಸೋಕೂ ಬರಲ್ಲ. ಆ ಫಾರಂ ತಪ್ಪಾಗಿದೆ."

ಡೀನ್ ಕಣ್ಣು ಒದ್ದೆಯಾಯಿತು. "ಇದೇ ನೋಡಿ ನಿಮ್ಮ ದೊಡ್ಡತನ. ನಾಲ್ಕು ಅಕ್ಷರ ಬಂದೋರು ಮೆರೀತಾರೆ, ಪೂರ್ತಿ ಬಂದೋರು ಬರಲ್ಲ ಅಂತಾರೆ. ನೀವು ಕ್ಲಾಸಲ್ಲೂ ಹೀಗೇ ಅಂತಿದ್ರಿ, 'ನಂಗೆ ನಾಲ್ಕೇ' ಅಂತ."

"ಹಾಗಲ್ಲಮ್ಮ, ನಿಜವಾಗ್ಲೂ..."

"ಆಯ್ತು, ತಪ್ಪಿದೆ ಅಂತಾನೇ ಇಟ್ಕೊಳ್ಳೋಣ. ತಿದ್ದೋಕೆ ಆಗಲ್ಲವಲ್ಲ! ಒಂದು ಸಲ ಸಲ್ಲಿಸಿದ್ಮೇಲೆ ಬೀಗ ಬೀಳುತ್ತೆ. ನೀವೇ ಹೇಳಿಕೊಟ್ಟಿದ್ದು, ಮೇಷ್ಟ್ರೇ. ಕೊಟ್ಟ ಅಂಕ ಅಂದ್ರೆ ಕಲ್ಲಿನ ಮೇಲೆ ಗೀರಿದ ಗೆರೆ." ಮತ್ತೆ ಅದೇ ನಿರ್ಮಲವಾದ ನಗು. ಬೈದಿದ್ದರೆ ಮೇಷ್ಟ್ರು ತಿರುಗಿ ಬೈದು ಹಗುರಾಗುತ್ತಿದ್ದರು. ಪಾದ ಹಿಡಿದುಕೊಂಡು ತಳ್ಳುವವರನ್ನು ಏನು ಮಾಡುವುದು?

ತಿಂಗಳ ಕೊನೆಗೆ ಬಡಗಿಗಳು ಬಂದರು. ಮೇಷ್ಟ್ರು ತರಗತಿಯಲ್ಲಿದ್ದಾಗಲೇ ಬಂದು, ಡ್ರಾಯರುಗಳನ್ನು ಒಂದೊಂದಾಗಿ ಎಳೆದು, ಉತ್ತರಪತ್ರಿಕೆ ತುಂಬುವ ಗೋಣಿಚೀಲಕ್ಕೆ ಬಗ್ಗಿಸಿದರು. ಹೆಸರಿನ ಚೀಟಿಗಳು ಅಂಟಿದ್ದು ಡ್ರಾಯರಿಗೆ, ಕಲ್ಲಿಗಲ್ಲ. ಅಟೆಂಡರು ಓಡಿ ಬಂದು ಅಡ್ಡ ನಿಲ್ಲುವ ಹೊತ್ತಿಗೆ ಎಪ್ಪತ್ತು ಡ್ರಾಯರು ಖಾಲಿಯಾಗಿದ್ದವು.

"ಇದೇನ್ರಣ್ಣ ಹೀಗ್ ಮಾಡಿದ್ರಿ! ಇದು ಜಲ್ಲಿ ಅಂದ್ಕೊಂಡ್ರಾ?"

"ಮತ್ತೇನಣ್ಣ ಇದು?" ಎಂದು ಬಡಗಿ ಸಹಜವಾಗಿ ಕೇಳಿದ. ಅವನ ಕಡೆ ತಪ್ಪೇನೂ ಇರಲಿಲ್ಲ; ಹೆಸರು ಕಳೆದುಕೊಂಡ ಕಲ್ಲು ಜಲ್ಲಿಯೇ.

ಹದಿಮೂರು ಚೀಲ ಮೆಟ್ಟಿಲ ಕೆಳಗಿನ ಕತ್ತಲೆಗೆ ಹೋದವು. ಮೇಷ್ಟ್ರು ಬಿಡುವಾದಾಗಲೆಲ್ಲ ಅಲ್ಲಿ ಕೂತು, ಚೀಲಕ್ಕೆ ಕೈ ಹಾಕಿ, ಒಂದೊಂದೇ ಕಲ್ಲು ತೆಗೆದು, ಅಂಗೈಯಲ್ಲಿ ತೂಗಿ ಹೆಸರು ಹೇಳುತ್ತಿದ್ದರು. ಅಟೆಂಡರು ಹಳೆಯ ಪರೀಕ್ಷಾ ಹಾಳೆ ಹರಿದು ಚೀಟಿ ಬರೆದು ಅಂಟಿಸುತ್ತಿದ್ದ. ಮೊದಲ ಚೀಲ ಮುಗಿಯುವುದರೊಳಗೆ ಹೊಸ ವರ್ಷದ ಪಾಠ ಶುರುವಾಯಿತು. ಅಲ್ಲಿಂದ ಮುಂದೆ ಮೇಷ್ಟ್ರಿಗೆ ಬಿಡುವೆಂಬುದೇ ಇಲ್ಲ, ಯಾಕೆಂದರೆ ಅವರು ಸಂಯೋಜಕರು.

ಬೆಳಗ್ಗೆ ಎಂಟಕ್ಕೆ ಫೋನು ಶುರು. "ಮೇಷ್ಟ್ರೇ, ನನ್ನ ಮುಖ ತಲೆಕೆಳಗಾಗಿ ಕಾಣ್ತಿದೆ." "ಮೇಷ್ಟ್ರೇ, ವಿದ್ಯಾರ್ಥಿಗಳೇ ನನ್ನ ಹೊರಗೆ ಹಾಕ್ಬಿಟ್ಟಿದಾರೆ." ಅಂಕಿ ಮೇಷ್ಟ್ರಂತೂ ಪಕ್ಕದ ಕೋಣೆಯಿಂದಲೇ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಫೋನ್ ಮಾಡುತ್ತಿದ್ದರು. "ಅಲ್ಲಯ್ಯಾ, ಒಂದು ಗಂಟೆ ಪಾಠ ಮಾಡಿದೆ. ದನಿ ಆಫ್ ಆಗಿತ್ತಂತೆ. ಒಬ್ಬನಾದ್ರೂ ಹೇಳಬಾರದಾ?"

"ನಾಲ್ಕು ಹಾಕಿಸಿದ್ರಲ್ಲ?"

"ಐದು ಹಾಕಿಸಿದೋರನ್ನ ಕೇಳ್ತಿದೀನಿ, ಹೇಳಯ್ಯ!"

ಎಲ್ಲರಿಗೂ ಕಲ್ಲು ಮೇಷ್ಟ್ರು ಕೊಡುತ್ತಿದ್ದದ್ದು ಒಂದೇ ಮದ್ದು: "ಮುಚ್ಚಿ ತೆಗೀರಿ." ಅದನ್ನು ಅವರಿಗೆ ಹೇಳಿಕೊಟ್ಟದ್ದು ಟೈಪಿಸ್ಟ್ ಅಮ್ಮ. ಹತ್ತರಲ್ಲಿ ಐದು ಸಲ ಅದು ಕೆಲಸ ಮಾಡಿತು. ಮಿಕ್ಕ ಐದು ಸಲ ಜನ ತಮ್ಮದೇ ತಪ್ಪಿರಬೇಕು ಎಂದು ಸುಮ್ಮನಾದರು. ಮೇಷ್ಟ್ರ ಕೀರ್ತಿ ದಿನೇ ದಿನೇ ಬೆಳೆಯಿತು.

ಅವರ ಸ್ವಂತ ಮೊದಲ ಪಾಠ ನಡೆದದ್ದು ಅದೇ ಕೋಣೆಯಲ್ಲಿ. ಡ್ರಾಯರುಗಳಿದ್ದ ಗೋಡೆಗೆ ಈಗ ಬೂದು ಬಣ್ಣದ ಸ್ಪಂಜಿನ ಹಲಗೆ. ಬಾಗಿಲ ಮೇಲೆ ಕೆಂಪು ದೀಪ. ಒಳಗೆ ಮಾತಾಡಿದರೆ ದನಿ ಗೋಡೆಗೆ ಬಡಿದು ವಾಪಸು ಬರುತ್ತಿರಲಿಲ್ಲ. ಆಡಿದ್ದು ಆಡಿದಲ್ಲೇ ಬಿದ್ದುಹೋಗುತ್ತಿತ್ತು. ಪರದೆಯ ಮೇಲೆ ಅರವತ್ತೊಂದು ಕಪ್ಪು ಚೌಕಗಳು. ಒಂದರಲ್ಲೂ ಮುಖವಿಲ್ಲ.

"ಎಲ್ಲರೂ ಕಣ್ಣು ಮುಚ್ಚಿ" ಎಂದರು ಮೇಷ್ಟ್ರು ಅಭ್ಯಾಸಬಲದಿಂದ. ಮುಚ್ಚಿದರೋ ಇಲ್ಲವೋ, ದೇವರಿಗೇ ಗೊತ್ತು. ಮುಚ್ಚಿದ್ದರೂ ಅಂಗೈಗೆ ಇಡುವುದೇನು? "ಬೇಡ, ಬಿಡಿ. ಕಣ್ಣು ಬಿಟ್ಟೇ ನೋಡಿ." ಜೇಬಿನಿಂದ ಸೀಸದ ಅದಿರನ್ನು ತೆಗೆದು ಕ್ಯಾಮೆರಾದ ಮುಂದೆ ಹಿಡಿದರು. "ಇದು ನೋಡೋಕೆ ಇಷ್ಟೇ. ಆದ್ರೆ ತೂಕ..."

ಒಂದು ಚೌಕದಿಂದ ಹುಡುಗಿಯ ದನಿ ಬಂತು. "ಸರ್, ನಿಮ್ಮ ಕೈಯಲ್ಲಿ ಏನೂ ಇಲ್ಲ."

"ಇದೆಯಮ್ಮ. ಕಲ್ಲಿದೆ."

"ಕಾಣ್ತಿಲ್ಲ ಸರ್. ಕೈಯಷ್ಟೇ ಕಾಣ್ತಿದೆ. ಬೆರಳ ಮಧ್ಯ ಮಂಜು ಥರ ಇದೆ."

ಆ ವೇದಿಕೆಗೆ ಮನುಷ್ಯನ ಮುಖವೊಂದೇ ಮುಖ್ಯ. ಅವನ ಹಿಂದೆ ಮುಂದೆ ಇರುವುದನ್ನೆಲ್ಲ ಅದು ತಾನೇ ಮಸುಕು ಮಾಡಿ ಅಳಿಸುತ್ತಿತ್ತು. ಅದಕ್ಕೆ ಒಂದು ಗುಂಡಿ ಇತ್ತು. ಎಲ್ಲಿತ್ತೋ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಕೇಳೋಣವೆಂದರೆ ಕೇಳಬೇಕಾದ್ದು ಸಂಯೋಜಕರನ್ನು. ಅವರು ಕಲ್ಲನ್ನು ಮುಖದ ಹತ್ತಿರ ತಂದರು, ದೂರ ಹಿಡಿದರು, ಗಲ್ಲಕ್ಕೆ ಒತ್ತಿಕೊಂಡರು. ಇಪ್ಪತ್ತೊಂಬತ್ತು ವರ್ಷದಲ್ಲಿ ಎಷ್ಟೋ ಜನರ ಮಣಿಕಟ್ಟು ಉಳುಕಿಸಿದ ಆ ಕಲ್ಲು, ಅರವತ್ತೊಂದು ಜನರ ಕಣ್ಣೆದುರಿಗೆ, ಹೊಗೆಯ ಹಾಗೆ ಕರಗಿಹೋಯಿತು.

"ಮುಚ್ಚಿ ತೆಗೀರಿ ಸರ್" ಎಂದಿತು ಇನ್ನೊಂದು ಚೌಕ.

ಮುಚ್ಚಿದರು. ತೆಗೆಯಲು ಬರಲಿಲ್ಲ.

ವರ್ಷ ಹಾಗೂ ಹೀಗೂ ಕಳೆಯಿತು. ಹಸಿರು ಚೀಲದ ಪರೀಕ್ಷೆ ನಡೆಯಲಿಲ್ಲ. ಅದರ ಬದಲು ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸುವ ಪರೀಕ್ಷೆ. ಅಂಕ ಹಾಕುವುದೂ ಯಂತ್ರವೇ. ಮೂವತ್ತೆಂಟು ಜನಕ್ಕೆ ಐದಕ್ಕೆ ಐದು ಬಂತು. ಒಂದು ಮಧ್ಯಾಹ್ನ ಅವರಲ್ಲೊಬ್ಬ ಹುಡುಗ ಮೇಷ್ಟ್ರಿಗೆ ನಮಸ್ಕಾರ ಹೇಳಲು ಬಂದವನು, ಮೆಟ್ಟಿಲ ಕೆಳಗೆ ಬಾಯಿ ಬಿಚ್ಚಿಕೊಂಡಿದ್ದ ಚೀಲವೊಂದನ್ನು ಎಡವಿ, "ಇದ್ಯಾಕೆ ಸರ್ ಇಲ್ಲಿ ಜಲ್ಲಿ ಹಾಕಿದಾರೆ?" ಎಂದ.

ಆಮೇಲೆ ಈ ವರ್ಷದ ಸುತ್ತೋಲೆ ಬಂತು. ಅದೇ ಇಪ್ಪತ್ತನಾಲ್ಕು ಪ್ರಶ್ನೆ. ಕಲ್ಲು ಮೇಷ್ಟ್ರು ಈ ಸಲ ಗುರುವಾರದ ತನಕ ಕಾಯಲಿಲ್ಲ. ಸೋಮವಾರವೇ, ಟೀ ಕಪ್ಪು ಇಲ್ಲದೆ, ಕನ್ನಡಕ ಒರೆಸಿಕೊಂಡು, ಪ್ರಶ್ನೆ ಪೂರ್ತಿ ಓದುವ ಸಂಕಲ್ಪದಿಂದ ಟೈಪಿಸ್ಟ್ ಅಮ್ಮನ ಎದುರಿನ ಸ್ಟೂಲಿನ ಮೇಲೆ ಕೂತರು. ಸಭೆಯಲ್ಲಿ ಮರ್ಯಾದೆ ಹೋದರೆ ಹೋಗಲಿ. ಭಾಷಾ ವಿಭಾಗದವರ ಹಾಗೆ ಒಂದೊಂದೇ ಹಾಕಿಸಿದರೆ, ಕೋಣೆಯಲ್ಲದಿದ್ದರೂ ಒಂದು ಗೋಡೆ, ಹತ್ತು ಡ್ರಾಯರು ವಾಪಸು ಬಂದಾವು.

"ಎಲ್ಲದಕ್ಕೂ ಒಂದು ಹಾಕಮ್ಮ. ಹದಿನೇಳನೇದಕ್ಕೆ ಸೊನ್ನೆ ಹಾಕೋಕಾದ್ರೆ ಸೊನ್ನೆ."

ಟೈಪಿಸ್ಟ್ ಅಮ್ಮ ಪರದೆ ನೋಡಿದರು. ಇನ್ನೊಮ್ಮೆ ನೋಡಿದರು. ಕೆಟ್ಟ ಸುದ್ದಿ ಹೇಳುವವರ ಹಾಗೆ ಕುರ್ಚಿ ತಿರುಗಿಸಿ ಕೂತರು. "ನಿಮ್ಮ ಹೆಸರಿಗೆ ಫಾರಂ ತೆರೆಯೋದೇ ಇಲ್ಲ ಸಾರ್."

"ಮುಚ್ಚಿ ತೆಗಿಯಮ್ಮ."

"ಅದಲ್ಲ ಸಾರ್. ಹೋದ ವರ್ಷ ಪೂರ್ತಿ ಅಂಕ ಬಂದೋರಿಗೆ ವಿನಾಯಿತಿ ಅಂತೆ. ಅವರನ್ನ ಇನ್ಮುಂದೆ ಕೇಳೋ ಹಾಗೇ ಇಲ್ಲ. ಶಾಶ್ವತವಾಗಿ ಸನ್ನದ್ಧರು ಅಂತ ಬರ್ತಿದೆ."

ಮೇಷ್ಟ್ರ ಕೈ ತಾನಾಗಿ ಜೇಬಿಗೆ ಹೋಗಿ ಸೀಸದ ಅದಿರನ್ನು ಹಿಡಿದುಕೊಂಡಿತು. ಅವರು ಅದನ್ನು ತೆಗೆದು ಮೇಜಿನ ಮೇಲಿಟ್ಟರು.

"ಇದೇನಾ ಸಾರ್, ಕ್ಯಾಮೆರಾದಲ್ಲಿ ಕಾಣದೇ ಇದ್ದಿದ್ದು?"

"ಕಣ್ಣು ಮುಚ್ಚಮ್ಮ. ಕೈ ಚಾಚು."

ಹದಿನೆಂಟು ವರ್ಷ ಎಲ್ಲರ ಪರವಾಗಿ ಗುಂಡಿ ಒತ್ತಿದ ಆ ಹೆಂಗಸು ಕಣ್ಣು ಮುಚ್ಚಿ ಕೈ ಚಾಚಿದರು. ಮೇಷ್ಟ್ರು ಕಲ್ಲು ಇಟ್ಟರು. ಕೈ ದಡಕ್ಕನೆ ಕೆಳಗಿಳಿಯಿತು.

"ಅಯ್ಯಪ್ಪಾ! ಇಷ್ಟೇ ಇಷ್ಟಿದ್ದು ಇಷ್ಟು ಭಾರಾನಾ! ತಣ್ಣಗಿದೆ. ಒಂದು ಕಡೆ ಮೆಟ್ಟಿಲು ಮೆಟ್ಟಿಲಾಗಿದೆ. ಕಬ್ಬಿಣಾನಾ ಸಾರ್? ಅಲ್ಲ, ಅದಕ್ಕಿಂತ ಹೆಚ್ಚು." ಕಣ್ಣು ಬಿಡದೆಯೇ ಕೇಳಿದರು, "ಎಷ್ಟು ಕೊಡ್ತೀರಿ ನಂಗೆ?"

ಮೇಷ್ಟ್ರು ಯೋಚಿಸಿದರು. ಕೊಡುವ ಅಂಕ ಎಲ್ಲೂ ದಾಖಲಾಗುವುದಿಲ್ಲ, ಯಾರೂ ಓದುವುದಿಲ್ಲ, ಯಾವ ಕೋಣೆಯನ್ನೂ ತರುವುದಿಲ್ಲ, ಕಳೆಯುವುದಿಲ್ಲ.

"ಮೂರೂವರೆ" ಎಂದರು.

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಅಂಕಿ ಮೇಷ್ಟ್ರು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡ ದನಿ.